ಮಂಡಿಯೂರುವವನ ಪ್ಯಾಂಟು

ಎರಡೂ ತೋಳು ಚಾಚಿ ನಿಂತಿದ್ದೀಯ
ಒಣಹಾಕಿದ ಅಂಗಿಯ ಹಾಗೆ, ಬೆತ್ತಲೆ,
ನಾಚಿಕೆಯಿಲ್ಲ, ಚಳಿಯಿಲ್ಲ.
ಹೊರಗೆ ಬೆಟ್ಟದ ನೆತ್ತಿಗೆ ಹಿಮ ಬಿದ್ದಿದೆ.
ಕೊವಿಲ್ಯಾದ ಈ ನಾಲ್ಕನೆಯ ಮಹಡಿಯಲ್ಲಿ
ನನ್ನ ಕಾಲಿಗೆ ಎರಡೆರಡು ಉಣ್ಣೆಯ ಚೀಲ.

ಮಾರುವವರು ನಿನಗೊಂದು ಸಂಖ್ಯೆ ಕೊಟ್ಟಿದ್ದಾರೆ.
ನಾನು ಅಡೆಲಿನು ಅನ್ನುತ್ತೇನೆ.
ಮಗ್ಗಗಳಿಗೆ ಎಣ್ಣೆ ಬಿಡುತ್ತಿದ್ದವನ ಹೆಸರು.
ಅವನದೂ ಹೀಗೇ ಅಗಲ ಭುಜ, ಮಾತು ಕಮ್ಮಿ.

ಇಪ್ಪತ್ತೊಂಬತ್ತು ವರ್ಷ ಹೊಲಿದೆ ನಾನು
ಹೊಳೆಯ ದಂಡೆಯ ಗಿರಣಿಯಲ್ಲಿ.
ಹೊಲಿದದ್ದು ಎಡತೋಳು ಮಾತ್ರ.
ಬಲತೋಳು ಎದುರು ಸಾಲಿನ ಲುಸಿಂದಾಳದು.
ಇಡೀ ಕೋಟು ಹೇಗಿರುತ್ತದೆಂದು
ಅಂಗಡಿಯ ಗಾಜಿನಾಚೆ ನಿಂತು ನೋಡಬೇಕಿತ್ತು.
ಗಿರಣಿ ಮುಚ್ಚಿತು. ಹೊಳೆ ತಿಳಿಯಾಯಿತು;
ಅಲ್ಲಿವರೆಗೆ ಅದು ಸೋಮವಾರ ನೀಲಿ, ಗುರುವಾರ ಕಂದು.

ಈಗ ನೋಡು, ಇಡೀ ಉಡುಪು ನನ್ನದೇ.
ಸೂಜಿಯಿಲ್ಲ, ದಾರವಿಲ್ಲ, ಕಚ್ಚಾ ಹೊಲಿಗೆಯಿಲ್ಲ.
ಪುರಸಭೆಯ ತರಗತಿಯಲ್ಲಿ, ಮೀಸೆ ಚಿಗುರದ ಹುಡುಗರ ನಡುವೆ,
ಮೊದಲ ದಿನ ಕಲಿತದ್ದು:
ಬಟ್ಟೆಗೂ ಎಲುಬು ಕೊಡಬೇಕು.
ನಿನ್ನ ಮೊಣಕೈಗೆ ಅದಕ್ಕೂ ಒಂದು ಮೊಣಕೈ,
ನಿನ್ನ ಬೆನ್ನಿಗೆ ಅದಕ್ಕೂ ಒಂದು ಬೆನ್ನು.
ಯಾವ ಎಲುಬಿನ ಮಾತು ಎಷ್ಟು ಕೇಳಬೇಕೆಂದು
ಬಣ್ಣ ಬಳಿದು ಹೇಳುತ್ತೇನೆ:
ಕೆಂಪಿದ್ದಲ್ಲಿ ಪೂರ್ತಿ ವಿಧೇಯ,
ಹಳದಿಯಲ್ಲಿ ಅರೆಮನಸ್ಸು,
ನೀಲಿಯಲ್ಲಿ ಕಿವುಡು.
ಕಂಕುಳೇ ಕಷ್ಟ. ಭುಜ ಒಂದು ಹೇಳುತ್ತದೆ, ಎದೆ ಇನ್ನೊಂದು.
ಇಬ್ಬರು ಅತ್ತೆಯರ ನಡುವಿನ ಸೊಸೆ, ಪಾಪ,
ಹಿಂಡಿ ಹಿಪ್ಪೆ.

ಅಳತೆ ತಪ್ಪಿದರೆ ಇಲ್ಲಿ ಹರಿಯುವುದಿಲ್ಲ.
ಒಳಗಿನ ಚರ್ಮ ಇಣುಕುತ್ತದೆ,
ಉಕ್ಕಿದ ಹಾಲು ತಟ್ಟೆಯ ಸಂದಿನಿಂದ ಬಂದ ಹಾಗೆ
ಅಂಗಿ ತೂರಿ ಹೊರಬರುತ್ತದೆ ಪಕ್ಕೆ.
ಚಿಟಿಕೆಯಷ್ಟು ಎಳೆದು ಸರಿಮಾಡುತ್ತೇನೆ.
ಇನ್ನೆಲ್ಲೋ ಇಣುಕುತ್ತದೆ.

ಹೋದ ವಾರ ತಾರ್ತುವಿನಿಂದ ಒಬ್ಬ ಬರೆದಿದ್ದ, ಉರ್ಮಾಸ್ ಅಂತೆ:
'ಮೇಡಂ, ನಿಮ್ಮ ಪ್ಯಾಂಟು ನಿಂತರೆ ಚೆನ್ನ, ಕೂತರೆ ಚೆನ್ನ,
ಕತ್ತಿ ಹಿಡಿದು ಜಿಗಿದರೂ ಚೆನ್ನ.
ಮಂಡಿಯೂರಿದರೆ ಮಾತ್ರ ಮಂಡಿ ಹೊರಗೆ.'
ಮಂಡಿಯೂರುವುದು ಯಾಕಪ್ಪಾ?
ನನ್ನಲ್ಲಿ ಕೊಳ್ಳುವವರೆಲ್ಲ ರಾಜರನ್ನು, ಯೋಧರನ್ನು,
ಚಂದ್ರನ ಮೇಲೆ ಅಡ್ಡಾಡುವವರನ್ನು ನಿಲ್ಲಿಸುತ್ತಾರೆ.
ಎರಡು ದಿನ ಬಿಟ್ಟು ಉತ್ತರ ಬಂತು.
'ನೆಲಕ್ಕೆ ಟೈಲ್ಸ್ ಕೂರಿಸುವವನ ಚಿತ್ರ.
ನಾನು ಅದೇ ಕೆಲಸದವನು.'

ಅಷ್ಟು ವರ್ಷದಲ್ಲಿ, ಅಡೆಲಿನು,
ಯಾರೂ ಹೇಳಿರಲಿಲ್ಲ ನನಗೆ
ನಾನು ಹೊಲಿದ ತೋಳು ಏನು ಎತ್ತಿತು,
ಯಾರನ್ನು ಬಳಸಿತು,
ಎಲ್ಲಿ ಮೊದಲು ಸವೆಯಿತು ಎಂದು.

ಬಾಗಿಲ ಪಕ್ಕದ ಕನ್ನಡಿ ಇಳಿಸಿ ಗೋಡೆಗೆ ಒರಗಿಸಿದೆ.
ತೀರಿಹೋದ ಅಣ್ಣನ ಹಳೆಯ ಪ್ಯಾಂಟು ತೊಟ್ಟು
ಅಡುಗೆಮನೆಯ ನೆಲಕ್ಕೆ ಊರಿದೆ,
ಎಡಮಂಡಿ ಮೊದಲು, ಅಯ್ಯೋ, ಆಮೇಲೆ ಬಲದ್ದು.
ನೋಡಿದೆ: ಮಂಡಿಯ ಹಿಂದೆ ಮಡಿಕೆ ಮೂರು,
ನಡುವಿನದು ಆಳ.
ಕೆಳಗಿನ ಅಂಚು ಹಿಮ್ಮಡಿ ಬಿಟ್ಟು ಮೇಲೆ ಸರಿದು
ಮಂಡಿಗೆ ಎರಡು ಬೆರಳು ಬಟ್ಟೆ ಸಾಲ ಕೊಡುತ್ತದೆ.
ಇದನ್ನು ಯಾವ ತರಗತಿಯಲ್ಲೂ ಹೇಳಿರಲಿಲ್ಲ.
ಏಳಲು ಬಹಳ ಹೊತ್ತು ಹಿಡಿಯಿತು.

ಈಗ ನಿನ್ನ ಸರದಿ. ಬಾಗು.
ಮೂವತ್ತು ಡಿಗ್ರಿ. ಅರವತ್ತು. ನೂರಹತ್ತು.
ಮುಖದಲ್ಲಿ ಒಂದು ಗೆರೆಯೂ ಕದಲದು ನಿನಗೆ,
ನನ್ನ ಕೀಲು ನೆನೆದು ಕಟಕಟ ಅನ್ನುತ್ತದೆ.
ಮಂಡಿ ಒಳಗೇ ಉಳಿಯಿತು.
ಯಾರೂ ಕೇಳದಿದ್ದರೂ ಅಲ್ಲಿ ಬಣ್ಣ ಒಂದಿಷ್ಟು ಮಾಸಿಸಿದೆ,
ಎಡಗಡೆ ಚೂರು ಹೆಚ್ಚು.

ಅರೆ, ಮಂಡಿಯೂರಿದರೂ
ತೋಳು ಚಾಚಿಯೇ ಇದ್ದೀಯಲ್ಲ,
ಯಾರೋ ಬಂದು ಅಪ್ಪಿಕೊಳ್ಳುತ್ತಾರೆ ಅನ್ನುವ ಹಾಗೆ.
ತಡಿ, ಇಳಿಸುತ್ತೇನೆ.
ಟೈಲ್ಸ್ ಹಿಡಿಯಬೇಡವೇ?